ಸಿಡಿ ಅಂಗಡಿಗಳು ಎಲ್ಲಿ ಹೋದವು?

ಪ್ರಶ್ನೆ: ಕಡೂರು ಪೇಟೆಯಲ್ಲಿ ಹಾಡಿನ ಸಿಡಿ ಕೇಳಿದರೆ ಈಗ ಸಿಗುವುದಿಲ್ಲ. ಏಕೆ?
– ಓದುಗರು, ಹಿರೇನಲ್ಲೂರು

ಉತ್ತರ: ಮೊದಲ ಪೆಟ್ಟು ಬಿದ್ದದ್ದು ಹಾಡಿನ ಫೈಲನ್ನು ಚಿಕ್ಕದಾಗಿಸುವ ಎಂಪಿ3ಯಿಂದ. ಸುಮಾರು 74 ನಿಮಿಷದ ಸಂಗೀತ ಹಿಡಿಯುತ್ತಿದ್ದ ಸಿಡಿಯಲ್ಲಿ ನೂರಕ್ಕೂ ಹೆಚ್ಚು ಹಾಡು ತುಂಬತೊಡಗಿದವು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೇ ಹಾಡು ಹಾಕಿಸಿಕೊಂಡೆವು. 2016ರಲ್ಲಿ ಜಿಯೋ ಮೊಬೈಲ್ ಸೇವೆ ಬಂದು ಡೇಟಾ ಅಗ್ಗವಾದಾಗ ಹಾಡನ್ನು ನೇರವಾಗಿ ಇಂಟರ್ನೆಟ್ಟಿನಲ್ಲೇ ಕೇಳತೊಡಗಿದೆವು; ಅದೂ ಬೇಡವಾಯಿತು.

ಅನುಕೂಲವಾಗಿದೆ, ನಿಜ. ಆದರೆ ಕವಿ, ಸಂಯೋಜಕ, ಗಾಯಕರ ಹೆಸರನ್ನು ಕವರಿನ ಮೇಲೆ ಓದುತ್ತಾ ಕೇಳುವ ಅಭ್ಯಾಸ ತಪ್ಪಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿಯೇ ಮನೆಮನೆ ಸೇರಿತ್ತು. ಆ ಹೆಸರುಗಳು ಮರೆಯಾಗುವುದು ದೊಡ್ಡ ನಷ್ಟ. ಮನೆಯಲ್ಲಿರುವ ಹಳೆಯ ಸಿಡಿ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬೇಡಿ. ಕಂಪ್ಯೂಟರಿಗೆ ಇಳಿಸಿಕೊಂಡು, ಕವರಿನ ಸಮೇತ ಜೋಪಾನ ಮಾಡಿ.