ಬಿಡಿಯಾಗಿ ಸರಿ, ಕೂಡಿದಾಗ?

1986ರ ಮಾರ್ಚ್. ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ನಗರ. ಕ್ಯಾನ್ಸರ್ ರೋಗಿಯೊಬ್ಬರಿಗೆ ವಿಕಿರಣ ಚಿಕಿತ್ಸೆ ನೀಡಲು ಥೆರಾಕ್-25 ಎಂಬ ಯಂತ್ರ ಸಜ್ಜಾಗಿತ್ತು. ಅದನ್ನು ನಡೆಸುತ್ತಿದ್ದಾಕೆ ಎಲೆಕ್ಟ್ರಾನ್ ಎಂಬುದರ ಬದಲು ಎಕ್ಸ್-ರೇ ಕೀಲಿ ಒತ್ತಿದ್ದರು. ತಪ್ಪು ಗೊತ್ತಾದೊಡನೆ ಹಿಂದೆ ಹೋಗಿ ತಿದ್ದಿದರು. ಪರದೆಯ ಮೇಲೆ ತಿದ್ದುಪಡಿಯೂ ಮೂಡಿತು. ಆದರೆ ಯಂತ್ರಕ್ಕೆ ತನ್ನ ಆಯಸ್ಕಾಂತಗಳನ್ನು ಹೊಂದಿಸಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ಮಾಡಿದ ತಿದ್ದುಪಡಿ ಅದರ ಗಮನಕ್ಕೇ ಬರಲಿಲ್ಲ. ರೋಗಿಯ ಮೈಮೇಲೆ ಅನೇಕ ಪಟ್ಟು ಹೆಚ್ಚು ವಿಕಿರಣ ಬಿತ್ತು. ಏಪ್ರಿಲ್‌ನಲ್ಲಿ ಅಲ್ಲಿಯೇ ಮತ್ತೊಬ್ಬರಿಗೆ ಅದೇ ಗತಿ. ಇಬ್ಬರೂ ಉಳಿಯಲಿಲ್ಲ.

ಆಸ್ಪತ್ರೆಯ ಭೌತವಿಜ್ಞಾನಿ ಆಕೆಯನ್ನೇ ಕೂರಿಸಿಕೊಂಡು ಮತ್ತೆ ಮತ್ತೆ ಕೀಲಿ ಒತ್ತಿ ನೋಡಿದರು. ನಿಧಾನವಾಗಿ ಒತ್ತಿದರೆ ದೋಷವಿಲ್ಲ. ಪಳಗಿದ ಕೈಯ ವೇಗಕ್ಕೆ ಮಾತ್ರ ಅದು ಹೊರಬಿತ್ತು. ಮೊದಲೇ ನಡೆಯಬೇಕಿದ್ದ ಪರೀಕ್ಷೆ ಇದು!

ತಂತ್ರಾಂಶ ಕಲಿಯುವವರು ಇಂಥದ್ದನ್ನು ಇಂಟಿಗ್ರೇಷನ್ ಟೆಸ್ಟ್ ಎನ್ನುತ್ತಾರೆ. ಕಾಲೇಜು ಪ್ರವೇಶದ ಅರ್ಜಿಯನ್ನೇ ತೆಗೆದುಕೊಳ್ಳಿ. ಹೆಸರಿನ ಖಾನೆ, ವಿಭಾಗದ ಪಟ್ಟಿ, ಶುಲ್ಕದ ಸಾಲು, ಸಲ್ಲಿಸುವ ಗುಂಡಿ. ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಎಲ್ಲವೂ ಸರಿ. ಆದರೆ ವಿದ್ಯಾರ್ಥಿ ಮೊದಲು ವಾಣಿಜ್ಯ ಆರಿಸಿ, ಮನಸ್ಸು ಬದಲಾಯಿಸಿ ವಿಜ್ಞಾನಕ್ಕೆ ಬಂದರೆ ಶುಲ್ಕವೂ ಬದಲಾದೀತೆ? ಸಲ್ಲಿಸಿದಾಗ ಯಾವ ವಿಭಾಗದ ಹೆಸರು ಹೋದೀತು? ಪರೀಕ್ಷೆ ಬರೆಯಬೇಕಾದುದು ಇದಕ್ಕೆ.

ಈ ಕೆಲಸಕ್ಕೆಂದೇ ಅಮೆರಿಕದ ಕೆಂಟ್ ಸಿ. ಡಾಡ್ಸ್ 2018ರಲ್ಲಿ ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ ರೂಪಿಸಿದರು. ಇದು ಉಚಿತ; ಮನೆಯ ಸಾಧಾರಣ ಕಂಪ್ಯೂಟರ್ ಸಾಕು. ದುಬಾರಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ತಂದೆತಾಯಿಗಳು ಇದನ್ನು ಗಮನಿಸುವುದು ಒಳ್ಳೆಯದು. ಗುಂಡಿಯನ್ನು ಒಳಗಿನ ಗುಪ್ತ ಹೆಸರಿನಿಂದಲ್ಲ, ಅದರ ಮೇಲೆ ಬರೆದ ಮಾತಿನಿಂದಲೇ ಹುಡುಕುವುದು ಇದರ ರೀತಿ. ಮನುಷ್ಯರು ಹುಡುಕುವುದೂ ಹಾಗೆಯೇ ತಾನೆ?

ಹೊಸಬರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ದೂರದ ಸರ್ವರ್‌ನಿಂದ ಉತ್ತರ ಬರುವ ಮೊದಲೇ ಪರದೆ ನೋಡಿ ‘ತಪ್ಪು’ ಎಂದು ತೀರ್ಪು ಕೊಡುವುದು ಒಂದು. ಇಷ್ಟು ಸೆಕೆಂಡು ಎಂದು ಲೆಕ್ಕ ಹಾಕಿ ಕಾಯುವುದಲ್ಲ, ‘ಅರ್ಜಿ ತಲುಪಿದೆ’ ಎಂಬ ಸಾಲು ಕಾಣುವವರೆಗೆ ಕಾಯಬೇಕು. ಇನ್ನೊಂದು, ಸರ್ವರ್ ಜತೆಗೆ ಪಟ್ಟಿ, ಗುಂಡಿಗಳನ್ನೂ ನಕಲಿಯಾಗಿಸಿ, ಕೊನೆಗೆ ನಕಲಿಯನ್ನೇ ಪರೀಕ್ಷಿಸುವುದು. ಸರ್ವರ್‌ನ ಉತ್ತರವೊಂದೇ ನಕಲಿಯಾದರೆ ಸಾಕು, ಉಳಿದದ್ದೆಲ್ಲ ಅಸಲಿಯೇ ಇರಲಿ.

ಪರೀಕ್ಷೆ ಪಾಸಾದ ಮೇಲೆ ಇನ್ನೊಂದು ಕೆಲಸವಿದೆ. ಶುಲ್ಕ ಬದಲಿಸುವ ಸಾಲನ್ನು ಬೇಕೆಂದೇ ಅಳಿಸಿ ಮತ್ತೆ ಓಡಿಸಬೇಕು. ಆಗಲೂ ಪಾಸು ಎಂದರೆ ಆ ಪರೀಕ್ಷೆಯನ್ನೇ ಹೊಸದಾಗಿ ಬರೆಯಬೇಕು.