ನಾಗಸ್ವರ ಎಲ್ಲಿ ಹೋಯ್ತು ಮಾರಾಯ್ರೆ?

ಮಂಗಳೂರು, ಬಂಟ್ವಾಳ, ಉಡುಪಿ ಕಡೆಯ ಮದುವೆ ಹಾಲ್‌ಗೆ ಮುಹೂರ್ತದ ಹೊತ್ತಿಗೆ ಹೋಗಿ ನೋಡಿ. ಡೋಲು ಉಂಟು, ತಾಳ ಉಂಟು, ಶ್ರುತಿ ಪೆಟ್ಟಿಗೆ ಉಂಟು. ನಾಗಸ್ವರ ಮಾತ್ರ ಹೆಚ್ಚಿನ ಕಡೆ ಇಲ್ಲ! ಅದರ ಜಾಗದಲ್ಲಿ ಫಳಫಳ ಹೊಳೆಯುವ ಸ್ಯಾಕ್ಸೊಫೋನ್ ಕುತ್ತಿಗೆಗೆ ನೇತುಹಾಕಿಕೊಂಡ ಹುಡುಗ. ಜನ ಅವನನ್ನೂ ವಾಲಗದವನು ಅಂತಲೇ ಕರೆಯುತ್ತಾರೆ.

ಈ ವಾದ್ಯ ನಮ್ಮದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮಿಲಿಟರಿ ಬ್ಯಾಂಡಿನಲ್ಲಿ ಊದುವ ಸಾಮಾನು. ಮೈಸೂರು ಅರಮನೆಯ ಬ್ಯಾಂಡಿಗೂ ಬಂದಿತ್ತು. ಅಲ್ಲಿ ಅದನ್ನು ಕಂಡು ಮರುಳಾದವರು ಬಂಟ್ವಾಳ ತಾಲೂಕಿನ ಸಜಿಪದ ಹುಡುಗ ಗೋಪಾಲನಾಥ್. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಅಂದರೆ ನಾಗಸ್ವರದ ಜಾಗಕ್ಕೆ ಬಂದ ವಾದ್ಯವನ್ನು ಮನೆಯೊಳಗೆ ತಂದದ್ದು ನಾಗಸ್ವರದ ಮನೆಯವರೇ!

ತಂದ ಮಾತ್ರಕ್ಕೆ ಆಗಲಿಲ್ಲ. ನಾಗಸ್ವರದ ತೂತನ್ನು ಬೆರಳಿನಿಂದ ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು. ಸ್ವರ ಜಾರುತ್ತದೆ, ತೂಗುತ್ತದೆ. ಗಮಕ ಅಂದರೆ ಅದೇ. ಸ್ಯಾಕ್ಸೊಫೋನಿನಲ್ಲಿ ಬೆರಳು ತೂತಿಗೆ ತಾಗುವುದೇ ಇಲ್ಲ, ನಡುವೆ ಕೀಲಿ ಉಂಟು. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಇದರಲ್ಲಿ ತೋಡಿ ರಾಗ ನುಡಿಸುವುದು ಹೇಗೆ? ತುಟಿ, ಉಸಿರು, ಬೆರಳು ಮೂರನ್ನೂ ಪಳಗಿಸಬೇಕು. ಗೋಪಾಲನಾಥ್ ವಾದ್ಯದಲ್ಲೂ ಕೆಲವು ಬದಲಾವಣೆ ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಪಾಠ ಹೇಳಿದರು, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್. ವರ್ಷಗಟ್ಟಲೆ ಹಿಡಿಯಿತು. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಕದ್ರಿ ಗೋಪಾಲನಾಥ್ ತೀರಿಕೊಂಡಾಗ ಕರಾವಳಿಯ ಊರೂರಲ್ಲೂ ಸ್ಯಾಕ್ಸೊಫೋನ್ ಇತ್ತು.

ಒಂದು ಮಾತು ನೆನಪಿರಲಿ. ಸಭೆಯಲ್ಲಿ ಅವರು ನುಡಿಸುತ್ತಿದ್ದದ್ದು ತ್ಯಾಗರಾಜರು, ದೀಕ್ಷಿತರ ಕೃತಿಗಳನ್ನೇ. ವಾದ್ಯ ಹೊಸತು, ಸಂಗೀತ ಹಳತು.

ಈಗಿನ ಕಥೆ ಸ್ವಲ್ಪ ಬೇರೆ. ನಾಗಸ್ವರಕ್ಕೆ ಎದೆಯ ದಮ್ಮು ಬೇಕು, ಪೀಪಿ ಹದ ಮಾಡಿಕೊಳ್ಳಬೇಕು, ಸ್ವರ ನಿಲ್ಲುವುದಕ್ಕೇ ವರ್ಷಗಳು ಬೇಕು. ಸ್ಯಾಕ್ಸೊಫೋನಿನಲ್ಲಿ ಗಮಕದ ಆಸೆ ಬಿಟ್ಟರೆ ಸಿನೆಮಾ ಹಾಡು ಬೇಗ ಬರುತ್ತದೆ. ಮದುವೆ ಮನೆಯವರು ಕೇಳುವುದೂ ಅದನ್ನೇ. ದಿಬ್ಬಣ ಬರುವಾಗ ಒಂದು ಹಿಟ್ ಹಾಡು, ಊಟದ ಹೊತ್ತಿಗೆ ಇನ್ನೊಂದು. ಕಲ್ಯಾಣಿಯನ್ನೋ ಮೋಹನವನ್ನೋ ವಿಸ್ತಾರ ಮಾಡಲು ಹೊರಟವನಿಗೆ ಧಾರೆಗೆ ಮೊದಲೇ ಗಟ್ಟಿಮೇಳದ ಸನ್ನೆ! ಹುಡುಗನನ್ನು ಬೈದು ಫಲವಿಲ್ಲ, ಅವನಿಗೂ ಹೊಟ್ಟೆಯುಂಟು.

ನಷ್ಟ ಯಾರಿಗೆ? ಸಭೆಗೆ ಹೋಗುವವರಿಗೆ ಅಷ್ಟಿಲ್ಲ, ಅವರು ಟಿಕೆಟ್ ಕೊಟ್ಟಾದರೂ ಕೇಳುತ್ತಾರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವರಿಗೆ, ಮೊದಲ ಬಸ್ಸಿಗೆ ಕಾಯುವವರಿಗೆ ಶಾಸ್ತ್ರೀಯ ಸಂಗೀತ ಅಂದರೆ ದೇವಸ್ಥಾನದ ವಾಲಗವೇ ಆಗಿತ್ತು. ಬೆಳಗಿಗೆ ಭೂಪಾಳ, ಬೌಳಿ. ದೇವರು ಮಲಗುವಾಗ ನೀಲಾಂಬರಿ. ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಗುರುತು ಇರುತ್ತಿತ್ತು. ಈಗ ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಗೆ ಸ್ವಿಚ್ ಒತ್ತಿದರೆ ಸಾಕು, ಕರೆಂಟಿನ ನಗಾರಿ ಜಾಗಟೆ ಬಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ದೇವರಿಗೂ ಮೌನವೇ ಗತಿ. ಇದರ ಎದುರು ಸ್ಯಾಕ್ಸೊಫೋನ್ ಊದುವ ಜೀವಂತ ಮನುಷ್ಯ ನೂರು ಪಾಲು ಮೇಲು.

ಜಾತ್ರೆಯ ಬಜೆಟ್ಟನ್ನೂ ಸ್ವಲ್ಪ ನೋಡಿ. ಲೈಟಿಂಗ್‌ಗೆ, ಆರ್ಕೆಸ್ಟ್ರಾಕ್ಕೆ ಕಮಿಟಿ ಚೌಕಾಶಿ ಮಾಡುವುದು ಕಡಿಮೆ. ವಾಲಗದವರ ಹತ್ತಿರ ಮಾತ್ರ ಕೊನೆಯ ನೂರು ರೂಪಾಯಿಯ ತನಕ ಚರ್ಚೆ. ಕಮಿಟಿಯಲ್ಲಿರುವುದು ನಮ್ಮ ಪೇಟೆಯ ಅಂಗಡಿ ಯಜಮಾನರೇ, ಬೇರೆ ಯಾರೂ ಅಲ್ಲ. ಅರ್ಧ ಗಂಟೆ ರಾಗ ನುಡಿಸಿ ಅಂತ ಅವರು ಒಮ್ಮೆ ಹೇಳಿದರೆ ನುಡಿಸಬಲ್ಲ ಹುಡುಗರು, ಹುಡುಗಿಯರು ಈಗಲೂ ಇದ್ದಾರೆ.

ಉತ್ಸವ ಬಲಿಯಲ್ಲಿ ವಾಲಗ ಸುತ್ತು ಎಂಬ ಹೆಸರು ಇನ್ನೂ ಉಳಿದಿದೆ. ಮೈಕಿನಲ್ಲಿ ವಾಲಗ ಸುತ್ತು ಅಂತ ಕೂಗುತ್ತಾರೆ, ಸ್ಯಾಕ್ಸೊಫೋನ್ ಶುರುವಾಗುತ್ತದೆ, ದೇವರನ್ನು ಹೊತ್ತ ಭಟ್ಟರು ಅದಕ್ಕೇ ಹೆಜ್ಜೆ ಹಾಕುತ್ತಾರೆ.