ವಾಟರ್ಲೂ ಗೆದ್ದವನು ಐಗೂರಿನ ಕಾಡಿಗೆ ಬಂದಾಗ

1815ರ ಜೂನ್ 18ರಂದು ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ ಸೋತ. ಅವನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಹೆಸರನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅದೇ ಮನುಷ್ಯ ಅದಕ್ಕೆ 13 ವರ್ಷ ಮೊದಲು, ಇನ್ನೂ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, ಇಂದಿನ ಸಕಲೇಶಪುರ ಸೀಮೆಯ ಬಿದಿರುಮೆಳೆಗಳ ನಡುವೆ ಒಬ್ಬ ಪಾಳೆಯಗಾರನ ಮೇಲೆ ದಂಡೆತ್ತಿ ಬಂದಿದ್ದ. ಈ ಸಂಗತಿ ಮಲೆನಾಡಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಆ ಸೀಮೆಯ ಹಳೆಯ ಹೆಸರು ಬಲಂ. ವಿಜಯನಗರದ ಕಾಲದಲ್ಲಿ ಅದು ಬೇಲೂರಿನ ನಾಯಕರ ಕೈಗೆ ಬಂತು. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆದು ಹಂಪಿ ಹಾಳಾಯಿತು. ಆದರೆ ಘಟ್ಟದಂಚಿನ ಈ ನಾಯಕರ ಆಳ್ವಿಕೆ ಮುಂದುವರಿಯಿತು. ಮುಂದೆ ಅವರ ನೆಲೆ ಕಾಡಿನೊಳಗಿನ ಐಗೂರಿಗೆ ಸರಿಯಿತು.

1792ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಬಲಂನ ಕೃಷ್ಣಪ್ಪ ನಾಯಕ ಮರಾಠ ಸೇನಾನಿ ಪರಶುರಾಮ ಭಾವುವಿನ ಪಕ್ಷ ಸೇರಿದ. ಒಪ್ಪಂದವಾಗಿ ಯುದ್ಧ ನಿಂತ ಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಒಲಿಸಿ ವಾಪಸು ಕರೆಸಿ ಐಗೂರು ಸೀಮೆಯನ್ನಷ್ಟೇ ಕೊಟ್ಟ, ಉಳಿದದ್ದನ್ನು ಮೈಸೂರಿಗೆ ಸೇರಿಸಿಕೊಂಡ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಂದೇ ಮಧ್ಯಾಹ್ನದಲ್ಲಿ ಬಿತ್ತು, ಟಿಪ್ಪು ಹತನಾದ. ಮೈಸೂರಿನ ಗದ್ದುಗೆ ಮತ್ತೆ ಒಡೆಯರಿಗೆ ಬಂತು, ನಿಜವಾದ ಹಿಡಿತ ಈಸ್ಟ್ ಇಂಡಿಯಾ ಕಂಪನಿಯದಾಯಿತು. ಆದರೆ ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕ ತಲೆಬಾಗಲಿಲ್ಲ. ಸುಬ್ರಹ್ಮಣ್ಯದ ಕಡೆ ಇಳಿಯುವ ಬಿಸಿಲೆ ಘಾಟಿಯನ್ನು ಹಿಡಿದು ಕೂತ. ಆ ದಾರಿ ಕಟ್ಟಿದರೆ ಕರಾವಳಿಗೂ ಮೈಸೂರಿಗೂ ನಡುವಿನ ಸಂಪರ್ಕಕ್ಕೇ ಪೆಟ್ಟು. ಕಂಪನಿ ಸುಮ್ಮನಿರುವಂತಿರಲಿಲ್ಲ.

1800ರ ಏಪ್ರಿಲ್‌ನಲ್ಲಿ ನಾಯಕನ ಕಾಡಿನ ನೆಲೆಯಾದ ಅರೆಕೆರೆಯ ಮೇಲೆ ಕಂಪನಿ ನಡೆಸಿದ ಮೊದಲ ದಾಳಿ ಸೋತು ಹಿಂದಿರುಗಿತು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ದೊಡ್ಡ ಪಡೆಯೊಂದಿಗೆ ಬಂದು ಆ ಜಾಗವನ್ನು ಗೆದ್ದ. ಅಷ್ಟರಲ್ಲಿ ಉತ್ತರದಲ್ಲಿ ದೋಂಡಿಯ ವಾಘ್‌ನ ದಂಗೆ ಜೋರಾಯಿತು, ಸೈನ್ಯ ಅತ್ತ ತಿರುಗಿತು, ವೆಂಕಟಾದ್ರಿ ಮತ್ತೆ ತಲೆಯೆತ್ತಿದ. ಕೊನೆಗೆ 1802ರ ಜನವರಿಯಲ್ಲಿ ವೆಲ್ಲೆಸ್ಲಿಯೇ ಬಂದ. ದಿವಾನ್ ಪೂರ್ಣಯ್ಯನವರ ಮೈಸೂರು ಪಡೆಯೂ ಜೊತೆಗಿತ್ತು. ಪಡೆಗಳು ಬೇರೆ ಬೇರೆ ದಿಕ್ಕಿನಿಂದ ನುಗ್ಗಿ ಅರೆಕೆರೆಯನ್ನು ಹಿಡಿದವು. ನಾಯಕ ಕಾಡು ಸೇರಿದ, ಆದರೆ ಫೆಬ್ರವರಿಯಲ್ಲಿ ಸಿಕ್ಕಿಬಿದ್ದು ಗಲ್ಲಿಗೇರಿದ.

ರಾಜಧಾನಿ ಬಿದ್ದು ಎರಡೂವರೆ ವರ್ಷವಾದರೂ ಗುಡ್ಡಸೀಮೆ ಬಗ್ಗದಿರಲು ಕಾರಣ ನೆಲದಲ್ಲೇ ಇತ್ತು. ಫಿರಂಗಿ, ಕುದುರೆ, ಸಾಲುಗಟ್ಟಿದ ಕಾಲಾಳು, ಇವೆಲ್ಲ ಬಯಲಿನ ಬಲ. ಅರೆಕೆರೆಯಂಥ ಜಾಗಕ್ಕೆ ಸುತ್ತಲಿನ ದಟ್ಟ ಕಾಡೇ ಕೋಟೆ, ಊರೂರಿಗೂ ಬೇಲಿ, ಕಂದಕ. ಫಿರಂಗಿ ಎಳೆಯಲು ದಾರಿಯಿಲ್ಲ, ಮಳೆ ಹಿಡಿದರೆ ದಂಡು ನಿಲ್ಲುವ ಹಾಗಿಲ್ಲ. ವೆಲ್ಲೆಸ್ಲಿ ಇದನ್ನು ಚೆನ್ನಾಗಿ ಅರಿತಿದ್ದ. ಅದಕ್ಕೇ ಅರೆಕೆರೆ ಗೆದ್ದ ಮೇಲೂ ಅವನು ಹೊರಡಲಿಲ್ಲ: ಊರುಗಳ ರಕ್ಷಣೆಯ ಬೇಲಿಗಳನ್ನು ಕೆಡವಿಸಿದ, ಕಾಡು ಕಡಿಸಿ ದಾರಿ ಮಾಡಿಸಿದ, ಜನರ ಆಯುಧಗಳನ್ನು ಕಿತ್ತುಕೊಂಡ.

ವಾಟರ್ಲೂನಲ್ಲಿ ಒಂದೇ ದಿನ ಸುಮಾರು 50,000 ಜನ ಸತ್ತರು ಇಲ್ಲವೇ ಗಾಯಗೊಂಡರು. ಯೂರೋಪಿನಲ್ಲಿ ಎರಡು ದಶಕ ಉರಿದ ಯುದ್ಧಗಳು ಅಲ್ಲಿಗೆ ಮುಗಿದವು. ಅರೆಕೆರೆಯ ಕಾಳಗ ಅದರ ಮುಂದೆ ತೀರಾ ಚಿಕ್ಕದು. ಆದರೆ ಈ ಬೆಟ್ಟಗಳ ಪಾಲಿಗೆ ವಾಟರ್ಲೂ ಏನನ್ನೂ ಬದಲಿಸಲಿಲ್ಲ, ತಾಳಿಕೋಟೆಯೂ ಅಷ್ಟಾಗಿ ಬದಲಿಸಲಿಲ್ಲ. ನಾಯಕರ ಆಳ್ವಿಕೆಯನ್ನು ಕೊನೆಗಾಣಿಸಿ, ಮುಚ್ಚಿದ್ದ ಕಾಡನ್ನು ತೆರೆದದ್ದು 1802ರ ಆ ಕೆಲವು ವಾರಗಳು. ನಲವತ್ತು ವರ್ಷ ಕಳೆದು, 1843ರಲ್ಲಿ, ಗ್ರೀನ್ ಎಂಬ ಆಂಗ್ಲ ತೋಟಗಾರ ಇದೇ ಸೀಮೆಯಲ್ಲಿ ಕಾಫಿ ತೋಟ ಮಾಡಿದ. ಆಯುಧ ಹಿಡಿದ ಪಾಳೆಯಗಾರನಿದ್ದ ಕಾಡಿನಲ್ಲಿ ಆ ಕೆಲಸ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಹೆಸರು ಉಳಿದದ್ದು ಮಾತ್ರ ಮಂಜರಾಬಾದ್ ಕೋಟೆಗೆ. ಮಂಗಳೂರು ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ, ಟಿಪ್ಪು ಕಟ್ಟಿಸಿದ ಈ ಕೋಟೆಯ ನಕ್ಷೆ ಎಂಟು ಮೂಲೆಯ ನಕ್ಷತ್ರ. ನೇರ ಗೋಡೆಯಾದರೆ ಅದರ ಬುಡಕ್ಕೆ ಬಂದ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಮುಂಚಾಚಿದ ಮೂಲೆಗಳಿದ್ದರೆ ಒಂದರ ಬುಡವನ್ನು ಇನ್ನೊಂದರಿಂದ ಗುರಿಯಿಟ್ಟು ಹೊಡೆಯಬಹುದು. ಫ್ರಾನ್ಸಿನ ವೋಬಾನ್ 17ನೇ ಶತಮಾನದಲ್ಲಿ ಹದಗೊಳಿಸಿದ ವಿದ್ಯೆ ಇದು. ಕಲ್ಲು, ಗಾರೆಯಲ್ಲಿ ಅದನ್ನು ಮಲೆನಾಡಿಗೆ ತಂದದ್ದು ಸಣ್ಣ ಸಾಧನೆಯಲ್ಲ. ಆದರೆ ಇತಿಹಾಸದಲ್ಲಿ ಹೆಸರಾದ ಯಾವ ಕದನವೂ ಅಲ್ಲಿ ನಡೆಯಲಿಲ್ಲ. ಕಂಪನಿಯನ್ನು ಇಲ್ಲಿ ವರ್ಷಗಟ್ಟಲೆ ಕಾಡಿದ್ದು ಆ ಕೋಟೆಯಲ್ಲ, ಬೇಲಿ ಮತ್ತು ಬಿದಿರು.

ಸಕಲೇಶಪುರ, ಆಲೂರಿನ ಶಾಲೆಗಳ ಉಪಾಧ್ಯಾಯರಲ್ಲಿ ಒಂದು ಕೋರಿಕೆ: ಮಕ್ಕಳನ್ನು ಮಂಜರಾಬಾದ್ ಕೋಟೆಗೆ ಕರೆದೊಯ್ಯುವ ದಿನ ಐಗೂರಿಗೂ ಕರೆದೊಯ್ಯಿರಿ. ವಾಟರ್ಲೂ ಪಾಠ ಬಂದಾಗ ವೆಂಕಟಾದ್ರಿ ನಾಯಕನ ಹೆಸರನ್ನೂ ಹೇಳಿ. ಹಳೆಯ ಮನೆತನಗಳಲ್ಲಿ ಆ ಕಾಲದ ಮಾತು, ಕಾಗದಪತ್ರ ಏನಾದರೂ ಉಳಿದಿದ್ದರೆ ಮಕ್ಕಳ ಕೈಯಿಂದಲೇ ಬರೆಸಿಡಿ.